ಕೆರೆ ಕೆಲಸದ ರಿಪೋರ್ಟಿಗೆ ಒಂದು ಟೆಂಪ್ಲೇಟ್ ಕಟ್ಟಿದ್ದು ಹಿಂಗೆ

ಕೋಲಾರದ ಕಡೆ ಕೆರೆ ಕೆಲಸ ಅಂದ್ರೆ ಹೂಳೆತ್ತೋದು, ಏರಿ ಮೇಲೆ ಬೆಳೆದಿರೋ ಬಳ್ಳಾರಿ ಜಾಲಿ ಕೀಳ್ಸೋದು, ತೂಬು (ಗದ್ದೆಗೆ ನೀರು ಬಿಡೋ ಬಾಗಿಲು) ಸರಿ ಮಾಡ್ಸೋದು, ಕೋಡಿ (ತುಂಬಿ ಹೆಚ್ಚಾದ ನೀರು ಹೊರಗೆ ಹೋಗೋ ಜಾಗ) ಕಟ್ಟಿಸೋದು, ಮುಚ್ಚೋಗಿರೋ ರಾಜಕಾಲುವೆ ಬಿಡಿಸೋದು. ಇದನ್ನ ಮಾಡೋ ಒಂದು ಸಣ್ಣ ತಂಡಕ್ಕೆ ನಾನು ಲೆಕ್ಕಪತ್ರ ಮತ್ತೆ ರಿಪೋರ್ಟು ನೋಡ್ಕೊತೀನಿ. ಕೆಲಸ ಒಂದೇ ಆದ್ರೂ ರಿಪೋರ್ಟ್ ಕೇಳೋರು ಬೇರೆ ಬೇರೆ, ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಅಂತ ಕಂಪನಿ ತೆಗೆದಿಡೋ) ದುಡ್ಡು ಕೊಟ್ಟ ಕಂಪನಿಗೆ ಒಂದು ಥರ ಬೇಕು, ಪಂಚಾಯ್ತಿಗೆ ಇನ್ನೊಂದು ಥರ ಬೇಕು, ಆಡಿಟರ್‌ಗೆ ಬರೀ ಅಂಕಿ ಬೇಕು, ವಂತಿಗೆ ಹಾಕಿದ ಊರವರಿಗೆ ನಮ್ಮ ದುಡ್ಡು ಏನಾಯ್ತು ಅಂತ ಒಂದು ಪುಟದಲ್ಲಿ ಗೊತ್ತಾದ್ರೆ ಸಾಕು. ಈ ನಾಲ್ಕೂ ಒಂದೇ ಮಾಹಿತಿಯಿಂದ ಹೊರಡೋ ಹಂಗೆ ಒಂದು ಟೆಂಪ್ಲೇಟ್ ಮಾಡ್ಬೇಕು ಅಂತ ಕೂತಿದ್ದು, ಅದರಲ್ಲಿ ಏನೇನ್ ಮಾಡಿದೆ, ಯಾಕೆ ಹಂಗೆ ಮಾಡಿದೆ ಅಂತ ಇಲ್ಲಿ ಬರೀತಿದೀನಿ, ಇದೇ ಥರದ ಕೆಲಸ ಮಾಡೋರಿಗೆ ಉಪಯೋಗ ಆಗಬೋದು.

ಸಾಮಾನ್ಯವಾಗಿ ಟೆಂಪ್ಲೇಟ್ ಅಂದ ತಕ್ಷಣ ಎಲ್ರೂ ವರ್ಡ್ ತೆಗೆದು ಮುಖಪುಟ, ಲೋಗೊ, ಮುನ್ನುಡಿ, ಪರಿವಿಡಿ ಅಂತ ಶುರು ಮಾಡ್ತಾರೆ. ನಾನು ಅದನ್ನ ಕೊನೆಗೆ ಇಟ್ಕೊಂಡೆ. ಮೊದಲು ಕಪಾಟಲ್ಲಿದ್ದ ಹಳೇ ರಿಪೋರ್ಟುಗಳ ಪ್ರಿಂಟ್ ತೆಗೆದು ಹೈಲೈಟರ್ ಹಿಡ್ಕೊಂಡು ಕೂತೆ. ಅಂಕಿ ಇರೋ ಕಡೆ ಹಳದಿ, ಹೆಸರು ಮತ್ತೆ ಜಾಗ ಇರೋ ಕಡೆ ಹಸಿರು, ಯಾರದೋ ಅಭಿಪ್ರಾಯ ಇರೋ ಕಡೆ ಗುಲಾಬಿ. ನೋಡಿದ್ರೆ ತೆಗೆದ ಹೂಳಿನ ಲೆಕ್ಕ ಒಂದೇ ರಿಪೋರ್ಟಲ್ಲಿ ಸಾರಾಂಶದಲ್ಲಿ ಒಂದ್ಸಲ, ಕೋಷ್ಟಕದಲ್ಲಿ ಒಂದ್ಸಲ, ಫೋಟೊ ಕೆಳಗಡೆ ಒಂದ್ಸಲ, ಕೊನೇ ಪುಟದಲ್ಲಿ ಇನ್ನೊಂದ್ಸಲ ಬರುತ್ತೆ, ಒಂದು ಕಡೆ ತಿದ್ದಿದ್ರೆ ಇನ್ನೊಂದು ಕಡೆ ಹಳೇದೇ ಕೂತಿರುತ್ತೆ. ಹಳೇ ಫೈಲನ್ನೇ ಸೇವ್ ಆ್ಯಸ್ ಮಾಡಿ ಹೊಸ ರಿಪೋರ್ಟ್ ಮಾಡೋ ರೂಢಿ ಇರೋದ್ರಿಂದ ಮುಳಬಾಗಿಲು ಕಡೆ ಕೆರೆಯ ರಿಪೋರ್ಟಿನ ಮಧ್ಯದಲ್ಲಿ ಶ್ರೀನಿವಾಸಪುರದ ಕೆರೆ ಹೆಸರು ಹಂಗೇ ಉಳ್ಕೊಂಡಿರೋದೂ ಕಾಣಿಸ್ತು. ಓದೋರು ಇಂಥದ್ದೊಂದನ್ನ ಹಿಡಿದ್ರೆ ಉಳಿದ ಸರಿಯಾದ ಅಂಕಿಯನ್ನೂ ನಂಬಲ್ಲ, ಅಷ್ಟು ಕಷ್ಟಪಟ್ಟು ಮಾಡಿದ ಕೆಲಸಕ್ಕೆ ಬೆಲೆ ಇಲ್ದಂಗಾಗುತ್ತೆ.

ಹಂಗಾಗಿ ಮೊದಲನೇ ನಿಯಮ ಇಷ್ಟೇ: ಒಂದು ಮಾಹಿತಿಯನ್ನ ಒಂದೇ ಕಡೆ ಟೈಪ್ ಮಾಡಬೇಕು, ಬೇರೆ ಎಲ್ಲಾ ಕಡೆ ಅದು ಅಲ್ಲಿಂದಲೇ ಬರಬೇಕು. ಅಂದ್ರೆ ಟೆಂಪ್ಲೇಟ್ ಒಂದು ಫೈಲ್ ಅಲ್ಲ, ಎರಡು. ಒಂದು ಎಕ್ಸೆಲ್ ಶೀಟು, ಒಂದು ಕೆರೆಗೆ ಒಂದು ಸಾಲು. ಇನ್ನೊಂದು ವರ್ಡ್ ಫೈಲು, ಅದು ಶೀಟಿಂದ ಓದ್ಕೊಳುತ್ತೆ.

ಶೀಟಿನ ಮೊದಲ ಕಾಲಂ ಕೆರೆ ಹೆಸರು ಅಂತ ಇಡೋಕೆ ಆಗಲ್ಲ. ನಮ್ಮ ಕಡೆ ಹೊಸಕೆರೆ ಎಷ್ಟಿದಾವೋ, ದೊಡ್ಡಕೆರೆ ಎಷ್ಟಿದಾವೋ, ಊರ ಮುಂದಲ ಕೆರೆ ಅಂತೂ ಊರಿಗೊಂದು. ಅದಕ್ಕೆ ಒಂದು ಕೋಡ್ ಬೇಕು. ಹೊಸದಾಗಿ ನಾವೇ ನಂಬರ್ ಕೊಡೋ ಬದಲು ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಒಂದು ಕೋಡ್ ಇದೆಯಲ್ಲ, ಅದನ್ನ ತಗೊಂಡು ಅದರ ಹಿಂದೆ ಸರ್ವೆ ನಂಬರ್ ಸೇರಿಸಿದೆ. ಊರಿನ ಹೆಸರನ್ನ ಇಂಗ್ಲಿಷಲ್ಲಿ ಒಬ್ಬೊಬ್ರು ಒಂದೊಂದ್ ಥರ ಬರೆದ್ರೂ ಕೋಡ್ ಬದಲಾಗಲ್ಲ, ಪಂಚಾಯ್ತಿಯವರ ಪಟ್ಟಿ ಜೊತೆ ಹೋಲಿಸಿ ನೋಡೋದೂ ಸುಲಭ. ಕೆರೆಯ ಹೆಸರು, ಊರಲ್ಲಿ ಕರೆಯೋ ಹೆಸರು ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟಿದೀನಿ, ದಾಖಲೆಯಲ್ಲಿ ಒಂದು, ಬಾಯಲ್ಲಿ ಇನ್ನೊಂದು ಇರೋದು ತುಂಬಾ ಮಾಮೂಲಿ.

ಕೆರೆ ಯಾರ ಸುಪರ್ದಿಗೆ ಬರುತ್ತೆ ಅನ್ನೋದು ಮುಂದಿನ ಕಾಲಂ. ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಹಾಯೋ ಜಮೀನು, 40 ಹೆಕ್ಟೇರಿನವರೆಗೆ ಇದ್ರೆ ಪಂಚಾಯತ್ ರಾಜ್ ಕಡೆ, ಅದಕ್ಕಿಂತ ಮೇಲಿದ್ರೆ ಸಣ್ಣ ನೀರಾವರಿ ಇಲಾಖೆ. ಹೆಚ್ಚುಕಮ್ಮಿ 99 ಎಕರೆ ಅಚ್ಚುಕಟ್ಟಿನ ಆಚೀಚೆ ಅಂತ ಲೆಕ್ಕ. ಇದು ರಿಪೋರ್ಟಲ್ಲಿ ಯಾಕೆ ಬೇಕು ಅಂದ್ರೆ ಯಾರ ಅನುಮತಿ ಪತ್ರ ಲಗತ್ತಿಸಬೇಕು, ಮುಂದೆ ತೂಬು ಕೆಟ್ರೆ ಯಾರ ಬಾಗಿಲಿಗೆ ಹೋಗಬೇಕು ಅನ್ನೋದು ಇದರ ಮೇಲೇ ನಿಂತಿದೆ.

ಆಮೇಲೆ ಬಂತು ಎಕರೆ ಗುಂಟೆ ವಿಷಯ, ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಹಳೇ ರಿಪೋರ್ಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದು ಇದೇ. ನಮ್ಮಲ್ಲಿ 5 ಎಕರೆ 20 ಗುಂಟೆ ಅನ್ನೋದನ್ನ 5.20 ಅಂತ ಬರೆಯೋದು ರೂಢಿ. ಎಕರೆಗೆ 40 ಗುಂಟೆ, ಅಂದ್ರೆ ಅದು ನಿಜವಾಗಿ ಐದೂವರೆ ಎಕರೆ. ಆದ್ರೆ ಎಕ್ಸೆಲ್‌ಗೆ ಗುಂಟೆ ಗೊತ್ತಿಲ್ಲ, ಅದು 5.20 ಅಂತ ಕೊಟ್ರೆ ದಶಮಾಂಶ ಅಂತ ತಿಳ್ಕೊಂಡು ಕೊನೇ ಸೊನ್ನೆ ಹಾರಿಸಿ 5.2 ಅಂತ ಇಡುತ್ತೆ, ಆ 5.2 ಎಕರೆ ಅಂದ್ರೆ 5 ಎಕರೆ 8 ಗುಂಟೆ. ಅಲ್ಲಿಗೆ 12 ಗುಂಟೆ ಮಾಯ. ಇನ್ನೂ ಕೆಟ್ಟದ್ದು 5.10 ಬರೆದಾಗ, ಅದು 5.1 ಆಗಿ ಕೂತ್ಮೇಲೆ 10 ಗುಂಟೆನೋ 1 ಗುಂಟೆನೋ ಅಂತ ಹೇಳೋಕೆ ಯಾರ ಕೈಲೂ ಆಗಲ್ಲ. ಇಂಥ ಕಾಲಂ ಕೆಳಗಡೆ ಮೊತ್ತ ಹಾಕಿಬಿಟ್ರೆ ಬರೋ ಅಂಕಿಗೆ ಯಾವ ಅರ್ಥಾನೂ ಇಲ್ಲ, 2.30 ಮತ್ತೆ 3.30 ಸೇರಿಸಿದ್ರೆ ಯಂತ್ರ 5.6 ಅನ್ನುತ್ತೆ, ನಿಜವಾದ ಉತ್ತರ 6 ಎಕರೆ 20 ಗುಂಟೆ. ಇದಕ್ಕೆ ಮಾಡಿದ ರಿಪೇರಿ: ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ, ಗುಂಟೆ ಕಾಲಂನಲ್ಲಿ ಡೇಟಾ ವ್ಯಾಲಿಡೇಶನ್ ಹಾಕಿ 0ಯಿಂದ 39ರವರೆಗೆ ಮಾತ್ರ ಪೂರ್ಣಾಂಕ ತಗೊಳೋ ಹಂಗೆ ಮಾಡಿದೆ. ಮೂರನೇ ಕಾಲಂ ಬೀಗ ಹಾಕಿದ್ದು, ಎಕರೆಗೆ ಗುಂಟೆಯನ್ನ 40ರಿಂದ ಭಾಗಿಸಿ ಕೂಡಿಸುತ್ತೆ, ಹೆಕ್ಟೇರ್ ಬೇಕಿದ್ರೆ ಅದನ್ನ 0.4047ರಿಂದ ಗುಣಿಸುತ್ತೆ. ರಿಪೋರ್ಟಲ್ಲಿ ಛಾಪು ಆಗೋದು ಮಾತ್ರ 5 ಎಕರೆ 20 ಗುಂಟೆ ಅಂತ ಪೂರ್ತಿ ಅಕ್ಷರದಲ್ಲೇ.

ಜಿಪಿಎಸ್‌ಗೂ ಇದೇ ಕಥೆ. ಡಿಗ್ರಿ ನಿಮಿಷ ಸೆಕೆಂಡ್ ಒಬ್ರು, ದಶಮಾಂಶ ಡಿಗ್ರಿ ಇನ್ನೊಬ್ರು ಬರೆದ್ರೆ ಮ್ಯಾಪಲ್ಲಿ ಕೆರೆ ಯಾವುದೋ ಮಾವಿನ ತೋಪಲ್ಲಿ ಹೋಗಿ ಕೂರುತ್ತೆ. ದಶಮಾಂಶ ಮಾತ್ರ, ಚುಕ್ಕಿ ಆದ್ಮೇಲೆ ಐದು ಅಂಕಿ, ಅಷ್ಟಿದ್ರೆ ಹೆಚ್ಚುಕಮ್ಮಿ ಒಂದು ಮೀಟರ್‌ವರೆಗೆ ಜಾಗ ಸಿಗುತ್ತೆ. ಎಲ್ಲಿ ನಿಂತು ತಗೊಂಡಿದ್ದು ಅಂತಾನೂ ಗೊತ್ತು ಮಾಡ್ಕೊಂಡ್ವಿ, ನಾವು ತೂಬಿನ ಹತ್ರ ಅಂತ ಇಟ್ಕೊಂಡಿದೀವಿ.

ಹೂಳಿನ ಲೆಕ್ಕಕ್ಕೆ ಬಂದ್ರೆ ಎಲ್ಲಾ ಕಡೆ ಲೋಡ್ ಅಂತ ಬರೆದಿರ್ತಾರೆ. ಸಾವಿರ ಲೋಡ್ ತೆಗೆದ್ವಿ ಅಂದ್ರೆ ಕೇಳೋಕೆ ಚೆನ್ನಾಗಿದೆ, ಆದ್ರೆ ಯಾವ ಟ್ರೇಲರ್, ಎಷ್ಟು ತುಂಬಿದ್ರು, ಟಿಪ್ಪರ್ರಾ ಟ್ರ್ಯಾಕ್ಟರ್ರಾ ಗೊತ್ತಿಲ್ಲ. ಶೀಟಲ್ಲಿ ಲೋಡಿನ ಪಕ್ಕದಲ್ಲೇ ಟ್ರೇಲರ್ ಒಳಗಿನ ಉದ್ದ ಅಗಲ ಎತ್ತರಕ್ಕೆ ಕಾಲಂ ಕೊಟ್ಟೆ, ಟೇಪ್ ಹಿಡಿದು ಅಳೆದೇ ತುಂಬಬೇಕು. ಉದಾಹರಣೆಗೆ 10 ಅಡಿ, 6 ಅಡಿ, 2 ಅಡಿ ಇದ್ರೆ 120 ಘನ ಅಡಿ, ಹತ್ತಿರ ಹತ್ತಿರ 3.4 ಘನ ಮೀಟರ್. ಅಲ್ಲಿಗೇ ಮುಗಿಯಲ್ಲ, ಅಗೆದ ಮಣ್ಣು ಉಬ್ಬುತ್ತೆ, ನೆಲದಲ್ಲಿ ಇದ್ದಾಗ ಹಿಡಿದ ಜಾಗಕ್ಕಿಂತ ಟ್ರೇಲರಲ್ಲಿ ಜಾಸ್ತಿ ಜಾಗ ಹಿಡಿಯುತ್ತೆ. ಶೇಕಡ 25 ಉಬ್ಬುತ್ತೆ ಅಂತ ಇಟ್ಕೊಂಡ್ರೆ ಸಾವಿರ ಲೋಡಿನ 3,400 ಘನ ಮೀಟರ್ ಸಡಿಲ ಮಣ್ಣು ಅಂದ್ರೆ ಕೆರೆ ಅಂಗಳದಲ್ಲಿ ಖಾಲಿಯಾದ ಜಾಗ 2,720 ಘನ ಮೀಟರ್ ಮಾತ್ರ. ಒಂದು ಘನ ಮೀಟರಿಗೆ ಸಾವಿರ ಲೀಟರ್ ಅಲ್ವ, ಈ ಎರಡರ ಮಧ್ಯೆ ಇರೋ ವ್ಯತ್ಯಾಸ 6.8 ಲಕ್ಷ ಲೀಟರ್ ನೀರು. ಕೆರೆಯ ನೀರಿನ ಸಾಮರ್ಥ್ಯ ಇಷ್ಟು ಹೆಚ್ಚಾಯ್ತು ಅಂತ ರಿಪೋರ್ಟಲ್ಲಿ ಬರೆಯೋವಾಗ ಈ ವ್ಯತ್ಯಾಸ ಬಿಟ್ರೆ ಅದು ಊರವರಿಗೂ ದುಡ್ಡು ಕೊಟ್ಟೋರಿಗೂ ಸುಳ್ಳು ಹೇಳಿದಂಗೆ. ಆದ್ರಿಂದ ಲೋಡ್, ಸಡಿಲ ಮಣ್ಣು, ಅಂಗಳದ ಅಳತೆ ಮೂರೂ ಬೇರೆ ಬೇರೆ ಕಾಲಂ, ಜೊತೆಗೆ ಅಳತೆ ಹೆಂಗೆ ಮಾಡಿದ್ದು ಅಂತ ಒಂದು ಡ್ರಾಪ್‌ಡೌನ್: ಲೋಡ್ ಎಣಿಕೆ, ಗುಂಡಿ ಅಳತೆ, ಕೆಲಸದ ಮುಂಚೆ ಮತ್ತೆ ಆಮೇಲೆ ಲೆವೆಲ್ (ಅಂಗಳದ ಎತ್ತರ ತಗ್ಗಿನ ಸರ್ವೆ ಅಳತೆ) ತಗೊಂಡಿದ್ದು. ಲೆವೆಲ್ ತಗೊಂಡಿದ್ರೆ ಅದೇ ಅಂಕಿ ಸಾರಾಂಶಕ್ಕೆ ಹೋಗುತ್ತೆ, ಇಲ್ದಿದ್ರೆ ಅಂದಾಜು ಅನ್ನೋ ಪದ ಅಂಕಿಯ ಮುಂದೆ ತಾನಾಗೇ ಬರುತ್ತೆ.

ದುಡ್ಡಿನ ಭಾಗಕ್ಕೆ ನಾನೇನು ಹೊಸದು ಯೋಚನೆ ಮಾಡ್ಲಿಲ್ಲ. 2017ರ ಜಿಎಫ್‌ಆರ್‌ನಲ್ಲಿ (ಕೇಂದ್ರ ಸರ್ಕಾರದ ಹಣಕಾಸು ನಿಯಮಾವಳಿ) ಹಣ ಬಳಕೆ ಪ್ರಮಾಣಪತ್ರಕ್ಕೆ ನಮೂನೆ 12-ಎ ಇದೆ, ಕೇಂದ್ರದ ಅನುದಾನ ತಗೊಳೋ ಸಂಸ್ಥೆಗಳಿಗೆ. ಹಿಂದಿನ ಉಳಿಕೆ, ಬಡ್ಡಿ, ಬಂದಿದ್ದು, ಖರ್ಚು, ಈಗಿನ ಉಳಿಕೆ, ಈ ಕ್ರಮ ಆಡಿಟರ್‌ಗಳಿಗೆ ಪರಿಚಯ ಇರೋದು, ಅದನ್ನೇ ಇಟ್ಕೊಂಡೆ. ಎಲ್ಲಾ ಮೊತ್ತ ಪೂರ್ತಿ ರೂಪಾಯಲ್ಲಿ, ಲಕ್ಷಕ್ಕೆ ತಿರುಗಿಸೋದು ವರ್ಡ್ ಕಡೆ. ಎಸ್ಟಿಮೇಟ್, ಮಂಜೂರಾಗಿದ್ದು, ಖರ್ಚಾಗಿದ್ದು ಮೂರಕ್ಕೂ ಬೇರೆ ಬೇರೆ ಕಾಲಂ ಇರಲೇಬೇಕು, ಬರೀ ವೆಚ್ಚ ಅಂತ ಒಂದೇ ಕಾಲಂ ಇಟ್ರೆ ಒಬ್ರು ಎಸ್ಟಿಮೇಟ್ ತುಂಬ್ತಾರೆ, ಇನ್ನೊಬ್ರು ಬಿಲ್ಲಿನ ಮೊತ್ತ ತುಂಬ್ತಾರೆ. ಯಾರ ದುಡ್ಡು ಅಂತಾನೂ ಬೇರೆ ಬೇರೆ ಕಾಲಂ ಮಾಡಿದೆ. ನರೇಗಾ ಕೂಲಿ ದುಡ್ಡಲ್ಲಿ ಕೂಲಿ ಜನರ ಕೆಲಸ ಕಿತ್ಕೊಳೋ ಯಂತ್ರ ಬಳಸೋ ಹಂಗಿಲ್ಲ, ಜೆಸಿಬಿ ಬಾಡಿಗೆ ಬೇರೆ ದುಡ್ಡಿಂದ ಹೋಗಿರುತ್ತೆ, ಎರಡನ್ನೂ ಒಟ್ಟಿಗೆ ಬರೆದ್ರೆ ಸುಮ್ನೆ ಅನುಮಾನಕ್ಕೆ ದಾರಿ. ರೈತರು ತಮ್ಮ ಟ್ರ್ಯಾಕ್ಟರಲ್ಲಿ ತಾವೇ ಹೊಲಕ್ಕೆ ಹೂಳು ಹೊಡ್ಕೊಂಡು ಹೋಗಿದ್ರೆ ಅದರ ಸಾಗಣೆ ಖರ್ಚು ನಮ್ಮ ಖರ್ಚಲ್ಲ, ಆದ್ರೆ ಅವರ ಪಾಲು ರಿಪೋರ್ಟಲ್ಲಿ ಕಾಣಿಸಲೇಬೇಕು ಅನ್ನೋದು ನನ್ನ ಹಠ, ಅದಕ್ಕೆ ರೈತರ ವಂತಿಗೆ ಅಂತ ಪ್ರತ್ಯೇಕ ಕಾಲಂ. ಹೂಳು ತಗೊಂಡೋರ ಪಟ್ಟಿಯಲ್ಲಿ ಹೆಸರು, ಊರು, ಲೋಡು, ಸಹಿ ಅಷ್ಟೇ. ಆಧಾರ್ ನಂಬರ್, ಫೋನ್ ನಂಬರ್ ಹಾಕಿ ಆ ಪಟ್ಟಿಯನ್ನ ಹತ್ತು ಜನಕ್ಕೆ ಮೇಲ್ ಮಾಡೋದು ಸರಿಯಲ್ಲ, ಕೆರೆ ಮಣ್ಣು ತಗೊಂಡಿದ್ದಕ್ಕೆ ಅದರ ಅವಶ್ಯಕತೆನೂ ಇಲ್ಲ.

ಈಗ ಅಂಕಿ ಅಲ್ದೇ ಇರೋ ಭಾಗ. ಎಲ್ಲಾ ಟೆಂಪ್ಲೇಟಲ್ಲೂ ಹಿನ್ನೆಲೆ, ಉದ್ದೇಶ, ಅನುಷ್ಠಾನ, ಫಲಿತಾಂಶ ಅಂತ ತಲೆಬರಹ ಇರುತ್ತೆ, ತುಂಬೋರು ಹಿನ್ನೆಲೆ ಅಂದ ತಕ್ಷಣ ನೀರೇ ಜೀವ ಅಂತ ಶುರು ಮಾಡಿ ಒಂದು ಪುಟ ಬರೀತಾರೆ, ಆ ಕೆರೆ ಬಗ್ಗೆ ಒಂದು ಸಾಲೂ ಇರಲ್ಲ. ತಲೆಬರಹ ಹಂಗೇ ಇಟ್ಟು ಅದರ ಕೆಳಗೆ ಬೂದು ಬಣ್ಣದಲ್ಲಿ ಪ್ರಶ್ನೆ ಬರೆದೆ. ಹಿನ್ನೆಲೆ ಕೆಳಗೆ: ಈ ಕೆರೆಗೆ ನೀರು ಎಲ್ಲಿಂದ ಬರುತ್ತೆ, ದಾರಿಯಲ್ಲಿ ಏನು ಅಡ್ಡ ಇದೆ, ಕೊನೇ ಸಲ ಕೋಡಿ ಹರಿದಿದ್ದು ಯಾವ ವರ್ಷ? ಅನುಷ್ಠಾನದ ಕೆಳಗೆ: ಕೆಲಸ ಯಾಕೆ ನಿಂತಿತ್ತು, ಎಷ್ಟು ದಿನ, ಯಾರು ಮಾತಾಡಿ ಶುರು ಮಾಡ್ಸಿದ್ರು? ಪ್ರಶ್ನೆ ಇದ್ರೆ ಜನ ಉತ್ತರ ಬರೀತಾರೆ. ಪ್ರತಿ ಪ್ರಶ್ನೆಗೂ ಐದಾರು ಸಾಲಿಗಿಂತ ಜಾಸ್ತಿ ಜಾಗ ಕೊಡ್ಲಿಲ್ಲ.

ಫಲಿತಾಂಶದ ಭಾಗದಲ್ಲಿ ಕೋಲಾರಕ್ಕೇ ಸೇರಿದ ಒಂದು ದೊಡ್ಡ ಸಮಸ್ಯೆ ಇದೆ, ಇದನ್ನ ಬೇರೆ ಜಿಲ್ಲೆಯ ಟೆಂಪ್ಲೇಟ್ ತಂದು ಹಾಕಿದ್ರೆ ಗೊತ್ತೇ ಆಗಲ್ಲ. 2018ರ ಜೂನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂತು, ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು, ದಿನಕ್ಕೆ 440 ದಶಲಕ್ಷ ಲೀಟರ್, ಮೊದಲ ಹಂತದಲ್ಲಿ 126 ಕೆರೆಗೆ ಅಂತ ಯೋಜನೆ. ಚಿಕ್ಕಬಳ್ಳಾಪುರದ ಕಡೆ ಇಂಥದ್ದೇ ಎಚ್.ಎನ್. ವ್ಯಾಲಿ (ಹೆಬ್ಬಾಳ ನಾಗವಾರ ಕಣಿವೆ) ನೀರಿನ ಯೋಜನೆ ಇದೆ. ಈ ಸಾಲಲ್ಲಿರೋ ಕೆರೆಯಲ್ಲಿ ಹೂಳೆತ್ತಿ, ಮಾರನೇ ವರ್ಷ ಕೆರೆ ತುಂಬ್ತು, ಸುತ್ತಲ ಬೋರ್‌ವೆಲ್‌ಗೆ ನೀರು ಬಂತು, ಇದು ನಮ್ಮ ಹೂಳೆತ್ತೋ ಕೆಲಸದ ಫಲ ಅಂತ ಬರೆದ್ರೆ ಆ ಮಾತಿಗೆ ಆಧಾರ ಏನು? ನೀರು ಪೈಪಲ್ಲಿ ಬಂದಿದ್ದೂ ಇರಬೋದು, ಮೇಲಿನ ಕೆರೆ ಕೋಡಿಯಿಂದ ಹರಿದು ಬಂದಿದ್ದೂ ಇರಬೋದು, ಆ ವರ್ಷ ಮಳೆ ಚೆನ್ನಾಗಿ ಆಗಿದ್ದೂ ಇರಬೋದು. ಆದ್ರಿಂದ ನೀರಿನ ಮೂಲ ಅಂತ ಕಡ್ಡಾಯ ಕಾಲಂ: ಮಳೆ ಮಾತ್ರ, ವ್ಯಾಲಿ ನೀರು ನೇರವಾಗಿ, ಮೇಲಿನ ಕೆರೆಯಿಂದ ಹರಿದ ವ್ಯಾಲಿ ನೀರು. ಮಳೆ ಮಾತ್ರ ಅಂತ ಇದ್ರೆ ಮಾತ್ರ ಅಂತರ್ಜಲದ ಪ್ಯಾರಾ ವರ್ಡ್ ಫೈಲಲ್ಲಿ ತೆರ್ಕೊಳುತ್ತೆ, ಅದರಲ್ಲೂ ಹತ್ತಿರದ ಹೋಬಳಿ ಮಳೆ ಅಂಕಿ ತುಂಬಲೇಬೇಕು. ಉಳಿದ ಎರಡಕ್ಕೆ ತೆಗೆದ ಹೂಳು, ಸರಿಯಾದ ತೂಬು, ಬಿಡಿಸಿದ ಕಾಲುವೆ ಉದ್ದ, ಹಿಂಗೆ ನಾವು ಕೈಯಾರೆ ಮಾಡಿದ್ದು ಮಾತ್ರ ಬರುತ್ತೆ. ದುಡ್ಡು ಕೊಡೋರಿಗೆ ಅಂತರ್ಜಲದ ಮಾತು ಇಷ್ಟ, ಆದ್ರೂ ಇದನ್ನ ನಾನು ಬಿಟ್ಕೊಡಲ್ಲ.

ವರ್ಡ್ ಕಡೆ ಕೆಲಸ ಹೆಚ್ಚಿಲ್ಲ, ಆದ್ರೆ ತೊಡಕಿದೆ. ಹಳೇ ಪಠ್ಯ ಎಲ್ಲಾ ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಇತ್ತು, ಅದು ಪರದೆ ಮೇಲೆ ಕನ್ನಡ ಕಂಡ್ರೂ ಒಳಗಡೆ ಇಂಗ್ಲಿಷ್ ಅಕ್ಷರಗಳ ಗೊಂಚಲು, ಹುಡುಕೋಕೂ ಆಗಲ್ಲ, ಅಕಾರಾದಿ ಜೋಡಿಸೋಕೂ ಆಗಲ್ಲ, ಮೊಬೈಲಲ್ಲಿ ತೆಗೆದ್ರೆ ಕಸ. ಎಲ್ಲಾ ಯೂನಿಕೋಡಿಗೆ ತಂದೆ, ಪರಿವರ್ತನೆ ಆದ್ಮೇಲೆ ಅರ್ಕಾವೊತ್ತು ಮತ್ತೆ ಒತ್ತಕ್ಷರ ಇರೋ ಪದಗಳನ್ನ ಕಣ್ಣಲ್ಲೇ ನೋಡ್ಬೇಕು, ಅಲ್ಲೇ ಜಾಸ್ತಿ ಹಾಳಾಗೋದು. ತಲೆಬರಹಕ್ಕೆ ಕೈಯಲ್ಲಿ ಬೋಲ್ಡ್ ಮಾಡೋದು ಬಿಟ್ಟು ಸ್ಟೈಲ್ಸ್ ಹಾಕಿದೆ, ಆಗ ಪರಿವಿಡಿ ತಾನಾಗೇ ಬರುತ್ತೆ, ಕೋಷ್ಟಕ ಮತ್ತೆ ಫೋಟೊ ನಂಬರಿಗೆ ಇನ್ಸರ್ಟ್ ಕ್ಯಾಪ್ಶನ್.

ಶೀಟಿಂದ ವರ್ಡಿಗೆ ತರೋಕೆ ಮೇಲ್ ಮರ್ಜ್, ಅಂದ್ರೆ ಶೀಟಿನ ಒಂದೊಂದು ಸಾಲನ್ನ ವರ್ಡ್ ತಾನೇ ತನ್ನ ಖಾಲಿ ಜಾಗಗಳಿಗೆ ತುಂಬ್ಕೊಳೋ ಸೌಲಭ್ಯ. ಇದರಲ್ಲಿ ಒಂದು ಅಪಾಯ ಇದೆ, ಎಕ್ಸೆಲಲ್ಲಿ 05-03-2024 ಅಂತ ನೀಟಾಗಿ ಕಾಣೋ ಮಾರ್ಚ್ ಐದನೇ ತಾರೀಕು ವರ್ಡಿಗೆ ಬಂದಾಗ ಅಮೆರಿಕದ ಕ್ರಮದಲ್ಲಿ 3/5/2024 ಆಗ್ಬಿಡುತ್ತೆ, ನಮ್ಮೋರು ಅದನ್ನ ಮೇ ಮೂರು ಅಂತ ಓದ್ತಾರೆ. ರೂಪಾಯಿಯ ಕಾಮಾನೂ ಬರಲ್ಲ. ಇದಕ್ಕೆ ಫೀಲ್ಡ್ ಕೋಡ್ ತಿದ್ದೋ ದಾರಿ ಇದೆ, ಆದ್ರೆ ನಮ್ಮ ಆಫೀಸಲ್ಲಿ ಬೇರೆಯವರು ಮುಟ್ಟಿದ್ರೆ ಕೆಡುತ್ತೆ ಅಂತ ಶೀಟಲ್ಲೇ ಇನ್ನೊಂದು ಟ್ಯಾಬ್ ಮಾಡಿ, ಟೆಕ್ಸ್ಟ್ ಫಂಕ್ಷನ್ ಬಳಸಿ ತಾರೀಕು, ಮೊತ್ತ, ಎಕರೆ ಗುಂಟೆ ಎಲ್ಲಾನೂ ಓದೋ ಅಕ್ಷರದ ರೂಪಕ್ಕೆ ತಂದಿಟ್ಟೆ. ವರ್ಡ್ ಆ ಟ್ಯಾಬಿಂದ ಮಾತ್ರ ಓದುತ್ತೆ.

ಫೋಟೊಗೆ ಮೂರು ಹಂತ, ಮುಂಚೆ, ನಡುವೆ, ಆಮೇಲೆ, ನರೇಗಾ ಜಿಯೋ ಟ್ಯಾಗಲ್ಲಿ ಇರೋ ಹಂಗೇ. ಆದ್ರೆ ಒಂದೊಂದ್ಸಲ ಒಂದೊಂದ್ ಕಡೆ ನಿಂತು ತೆಗೆದ್ರೆ ಹೋಲಿಸೋಕೆ ಆಗಲ್ಲ. ಅದಕ್ಕೆ ಏರಿ ಮೇಲೆ ಒಂದು ಕಲ್ಲಿಗೆ ಹಳದಿ ಪೇಂಟ್ ಬಳಿದು ಅದರ ಮೇಲೆ ತೂಬಿನ ಕಡೆಗೆ ಬಾಣ ಬರೆಸಿದ್ವಿ, ಕೋಡಿ ಹತ್ರ ಇನ್ನೊಂದು. ಆ ಕಲ್ಲಿನ ಮೇಲೆ ನಿಂತು ಬಾಣದ ದಿಕ್ಕಿಗೆ ಮೊಬೈಲ್ ಅಡ್ಡ ಹಿಡಿದೇ ತೆಗೀಬೇಕು. ಫೈಲ್ ಹೆಸರು ಕೆರೆ ಕೋಡ್, ಕಲ್ಲಿನ ನಂಬರ್, ಹಂತ, ತಾರೀಕು. ವಾಟ್ಸಾಪಲ್ಲಿ ಫೋಟೊ ಅಂತ ಕಳ್ಸಿದ್ರೆ ಅದರೊಳಗಿನ ಜಾಗ ಮತ್ತೆ ಸಮಯದ ಮಾಹಿತಿ ಹೋಗ್ಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿದ್ರೆ ಉಳಿಯುತ್ತೆ, ಇದನ್ನ ಫೀಲ್ಡ್ ಹುಡುಗರಿಗೆ ಹೇಳಿ ಹೇಳಿ ಈಗ ರೂಢಿಯಾಗಿದೆ.

ಮಾದರಿ ಪ್ರಿಂಟ್ ತಗೊಂಡು ಮುಳಬಾಗಿಲು ಕಡೆ ಒಂದು ಊರಿಗೆ ಹೋಗಿ ಕೆರೆ ಏರಿ ಮೇಲೆ ಕೂತು ಓದಿ ಹೇಳ್ದೆ. ಊರಿನ ಹಿರಿಯರೊಬ್ರು ಪೂರ್ತಿ ಕೇಳಿಸ್ಕೊಂಡು, "ಏನಪ್ಪಾ, ಇಷ್ಟೆಲ್ಲಾ ಬರ್ದಿದೀಯ, ತೂಬು ಎತ್ತೋನ್ ಯಾರು ಅಂತ ಎಲ್ಲೂ ಬರಲಿಲ್ವಲ್ಲ" ಅಂದ್ರು. "ಅದು ಬೇಕಾ ತಾತ, ಕೆಲಸದ ರಿಪೋರ್ಟು ಇದು" ಅಂದ್ರೆ, "ತೂಬು ರಿಪೇರಿ ಮಾಡ್ಸಿದೀರ, ನೀರುಗಂಟಿ ಇಲ್ದಿದ್ರೆ ಅದನ್ನ ಎತ್ತೋದು ಇಳಿಸೋದು ಯಾರು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡೋದು ಯಾರು?" ಅಂತ ಕೇಳಿದ್ರು. ಸರಿಯಾದ ಮಾತು. ಕೆಲಸ ಮುಗಿದ ಮೇಲಿನ ನಿರ್ವಹಣೆ ಅನ್ನೋ ಭಾಗದಲ್ಲಿ ಕಮಿಟಿ ಹೆಸರು, ಬ್ಯಾಂಕ್ ಖಾತೆ ಇದೆಯಾ ಇಲ್ವಾ ಅಂತ ಮಾತ್ರ ಇತ್ತು. ಈಗ ಅಲ್ಲಿ ಮೂರು ಪ್ರಶ್ನೆ ಸೇರಿದೆ: ನೀರುಗಂಟಿ ಇದಾರಾ, ಅವರಿಗೆ ಊರವರು ಏನು ಕೊಡ್ತಾರೆ, ತೂಬಿನ ಬೀಗದ ಕೈ ಯಾರ ಹತ್ರ ಇದೆ. ಹೆಸರು ರಿಪೋರ್ಟಲ್ಲಿ ಬರಲ್ಲ, ಇದಾರೆ ಇಲ್ಲ ಅನ್ನೋದು ಬರುತ್ತೆ, ಹೆಸರು ಪಂಚಾಯ್ತಿ ಪ್ರತಿಯಲ್ಲಿ ಮಾತ್ರ.

ಊರವರಿಗೆ ಕೊಡೋ ಒಂದು ಪುಟದ ಪ್ರತಿ ಕೊನೆಗೆ ಮಾಡಿದ್ದು, ಆದ್ರೆ ನನಗೆ ಅದೇ ಹೆಚ್ಚು ಇಷ್ಟ. ಏ4 ಅಡ್ಡ ಹಾಳೆ, ಎಡಗಡೆ ಹಳದಿ ಕಲ್ಲಿಂದ ತೆಗೆದ ಎರಡು ಫೋಟೊ, ಬಲಗಡೆ ಬಂದ ದುಡ್ಡು, ಖರ್ಚು, ಉಳಿಕೆ, ತೆಗೆದ ಹೂಳು, ಎಷ್ಟು ರೈತರು ಹೊಡ್ಕೊಂಡ್ರು, ಮುಂದೆ ಯಾರನ್ನ ಕೇಳಬೇಕು. ಅಕ್ಷರ ದೊಡ್ಡದು, 16 ಪಾಯಿಂಟ್, ವಯಸ್ಸಾದೋರು ಕನ್ನಡಕ ಇಲ್ದೇ ಓದೋ ಹಂಗೆ. ಇದೂ ಅದೇ ಶೀಟಿಂದ ಬರೋದ್ರಿಂದ ಕಂಪನಿಗೆ ಹೋದ ಅಂಕಿ ಮತ್ತೆ ಪಂಚಾಯ್ತಿ ಗೋಡೆಗೆ ಅಂಟಿಸಿದ ಅಂಕಿ ಒಂದೇ ಇರುತ್ತೆ, ಯಾರು ಬೇಕಾದ್ರೂ ಹೋಲಿಸಿ ನೋಡಬೋದು.

ಇನ್ನು ಉಳಿದಿರೋದು ಗೋಕಟ್ಟೆ (ದನಕರು ನೀರು ಕುಡಿಯೋ ಸಣ್ಣ ಕಟ್ಟೆ) ಮತ್ತೆ ಕಲ್ಯಾಣಿಗೆ ಬೇರೆ ಟ್ಯಾಬ್. ಗೋಕಟ್ಟೆಗೆ ತೂಬೂ ಇಲ್ಲ ಅಚ್ಚುಕಟ್ಟೂ ಇಲ್ಲ, ಕೆರೆಯ ಶೀಟು ಹಾಕಿದ್ರೆ ಅರ್ಧ ಕಾಲಂ ಖಾಲಿ ಬಿಡಬೇಕು, ಖಾಲಿ ಇದ್ರೆ ತುಂಬಿಲ್ಲ ಅಂತ ಅರ್ಥಾನೋ ಅನ್ವಯಿಸಲ್ಲ ಅಂತ ಅರ್ಥಾನೋ ಗೊತ್ತಾಗಲ್ಲ. ಕಲ್ಯಾಣಿಯಲ್ಲಿ ಮೆಟ್ಟಿಲು, ಕಲ್ಲು ಕಟ್ಟಡ, ಒರತೆ ಇವೇ ಮುಖ್ಯ, ಅದಕ್ಕೆ ಕಲ್ಲು ಕೆಲಸದೋರ ಹತ್ರ ಕೂತು ಅವರು ಯಾವ ಅಳತೆಯಲ್ಲಿ ಮಾತಾಡ್ತಾರೆ ಅಂತ ಮೊದಲು ಬರ್ಕೊಬೇಕು, ಆಮೇಲೆ ಕಾಲಂ.